ಕೊಟ್ಟಿಗೆಗೆ ಪಾಯ ತೋಡುವ ಮುನ್ನ
(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಪಶುವೈದ್ಯರು ಬಂದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಮಾತಾಡುತ್ತಾರೆ ಎಂದುಕೊಂಡು ನೀವು ಕುಳಿತಿದ್ದೀರಿ. ಇಂದು ನಾನು ಹೇಳುವುದು ಕೊಟ್ಟಿಗೆ ಕಟ್ಟುವ ನಿಯಮಗಳ ಬಗ್ಗೆ. ಇದಕ್ಕೆ ಕಾರಣ ನನ್ನದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಸದಸ್ಯರೊಬ್ಬರು ನಾಲ್ಕು ಹಸುಗಳಿಗೆ ಕೊಟ್ಟಿಗೆ ಕಟ್ಟಲು ಸಲಹೆ ಕೇಳಿದರು. ಜಾಗ ನೋಡಿ ಅಳತೆ ಬರೆದುಕೊಟ್ಟೆ. ನೆಲ, ಗೋದಲಿ, ಗಂಜಲದ ಕಾಲುವೆ ಎಲ್ಲವೂ ಸರಿಯಾಗಿದ್ದವು. ಮೇಲೆ ಹಾದುಹೋಗಿದ್ದ ವಿದ್ಯುತ್ ತಂತಿಯನ್ನು ಅವರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಒಂದು ಮಳೆಗಾಲದ ರಾತ್ರಿ ಜೋತುಬಿದ್ದ ತಂತಿ ತಗಡಿನ ಚಾವಣಿಗೆ ತಾಗಿತು. ಕಬ್ಬಿಣದ ಕಂಬಕ್ಕೆ ಕಟ್ಟಿದ್ದ ಎರಡು ಹಸುಗಳು ನಿಂತಲ್ಲೇ ಸತ್ತವು. ಮರಣೋತ್ತರ ಪರೀಕ್ಷೆ ಮಾಡಿದವನೂ ನಾನೇ. ಪರಿಹಾರ ಕೇಳಲು ಹೋದಾಗ ಅವರಿಗೆ ಸಿಕ್ಕ ಉತ್ತರ ಇಷ್ಟೇ: "ತಂತಿ ಮೊದಲೇ ಇತ್ತು, ಕೊಟ್ಟಿಗೆ ಆಮೇಲೆ ಬಂತು."

ಆದ್ದರಿಂದ ಪಾಯ ತೋಡುವ ಮುನ್ನ ಮೂರು ವಿಷಯ ನೆನಪಿಡಿ.

ಮೊದಲನೆಯದು ತಂತಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ, 11 ಕೆ.ವಿ. ತಂತಿ ಪೂರ್ತಿ ಜೋತುಬಿದ್ದಾಗಲೂ ಚಾವಣಿಯ ಅತಿ ಎತ್ತರದ ಭಾಗದಿಂದ 3.7 ಮೀಟರ್, ಅಂದರೆ ಸುಮಾರು 12 ಅಡಿ ಮೇಲಿರಬೇಕು. ಪಕ್ಕದಲ್ಲಿ ಹಾದುಹೋಗುವುದಾದರೆ 1.2 ಮೀಟರ್, ಅಂದರೆ ಸುಮಾರು 4 ಅಡಿ ಅಂತರ ಬೇಕು. ಮನೆಗಳಿಗೆ ಬರುವ ಸಾಮಾನ್ಯ ತಂತಿಗೆ ಮೇಲೆ 2.5 ಮೀಟರ್, ಪಕ್ಕದಲ್ಲಿ 1.2 ಮೀಟರ್ ಅಂತರವಿರಬೇಕು. ಇದು ಕನಿಷ್ಠ ಅಳತೆ. ಸಾಧ್ಯವಾದರೆ ತಂತಿಯ ಕೆಳಗೆ ಕಟ್ಟಲೇಬೇಡಿ. ಹತ್ತಿರದಲ್ಲಿ ಕಟ್ಟಲೇಬೇಕಾದರೆ ಕೆಲಸ ಶುರುಮಾಡುವ ಮೊದಲೇ ವಿದ್ಯುತ್ ಕಚೇರಿಗೆ ಬರೆದು ತಿಳಿಸಿ.

ಎರಡನೆಯದು ಅನುಮತಿ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಹಳ್ಳಿಯಲ್ಲಿ ಕಟ್ಟಡ ಕಟ್ಟಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಹೊಲದಲ್ಲಿ ಕಟ್ಟುವವರು 1964ರ ಭೂ ಕಂದಾಯ ಅಧಿನಿಯಮದ 95ನೇ ಪ್ರಕರಣವನ್ನೂ ತಿಳಿದಿರಬೇಕು. ಬೇಸಾಯಕ್ಕೆ ಬೇಕಾದ ಕಟ್ಟಡಕ್ಕೆ ಅಲ್ಲಿ ಅವಕಾಶವಿದೆ. ಅದನ್ನೇ ಅಂಗಡಿಯನ್ನಾಗಿ ಬದಲಿಸಿದರೆ ಭೂ ಪರಿವರ್ತನೆ ಆಗಬೇಕು. ಬಾಯಿಮಾತಿನ ಒಪ್ಪಿಗೆಯನ್ನು ನಂಬಬೇಡಿ, ಕಾಗದ ಪಡೆದು ಜೋಪಾನವಾಗಿಡಿ.

ಮೂರನೆಯದು ಅಳತೆ. ಹಸುಗಳನ್ನು ಬಿಟ್ಟು ಸಾಕುವ ಕೊಟ್ಟಿಗೆಯಲ್ಲಿ ದೊಡ್ಡ ಹಸು ಒಂದಕ್ಕೆ ಚಾವಣಿಯ ಕೆಳಗೆ 3.5 ಚದರ ಮೀಟರ್, ಬಯಲಿನಲ್ಲಿ 7 ಚದರ ಮೀಟರ್ ಜಾಗ ಬೇಕು. ಕಟ್ಟಿ ಸಾಕುವಲ್ಲಿ ನೆಲ ಕಾಲುವೆಯ ಕಡೆಗೆ 40 ಅಡಿಗೆ 1 ಅಡಿಯಷ್ಟು ಇಳಿಜಾರಾಗಿರಲಿ. ನೆಲ ಒರಟಾಗಿರಲಿ, ನುಣುಪಾದರೆ ಗಬ್ಬದ ಹಸು ಜಾರಿ ಬೀಳುತ್ತದೆ. ತಿಪ್ಪೆಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ. ಮೇಸ್ತ್ರಿಗೆ ಇಟ್ಟಿಗೆ, ಸಿಮೆಂಟಿನ ಲೆಕ್ಕ ಗೊತ್ತು, ಹಸುವಿನ ಲೆಕ್ಕವನ್ನು ನೀವೇ ಹೇಳಬೇಕು.

ನಿಯಮವೆಂದರೆ ಕಚೇರಿಗೆ ಅಲೆಯುವ ಕಾಟ ಎಂದು ನಮಗೆಲ್ಲ ಅನ್ನಿಸುತ್ತದೆ. ಆದರೆ ಕಟ್ಟಿಹಾಕಿದ ಹಸುವಿಗೆ ಓಡಿಹೋಗಲು ದಾರಿಯಿಲ್ಲ. ಅದರ ಪರವಾಗಿ ಮುಂದಾಗಿ ಯೋಚಿಸುವುದು ನಮ್ಮ ಕೆಲಸ.

ಆ ಸದಸ್ಯರು ಈಗ ತಂತಿಯಿಂದ ದೂರ ಹೊಸ ಕೊಟ್ಟಿಗೆ ಕಟ್ಟಿಕೊಂಡಿದ್ದಾರೆ. ನಾನು ಯಾರ ಮನೆಗೆ ಹೋದರೂ ಈಗ ಮೊದಲು ಮೇಲೆ ನೋಡುತ್ತೇನೆ, ಆಮೇಲೆ ಹಸುವನ್ನು ನೋಡುತ್ತೇನೆ. ಇಂದು ಮನೆಗೆ ಹೋದ ಮೇಲೆ ನೀವೂ ಒಮ್ಮೆ ನೋಡಿ.