ರಕ್ತದೊಳಗಿನ ಚೀಟಿಗಳು

ಹೊಳೆನರಸೀಪುರದ ಮನೆಯಲ್ಲಿ ನೀವು ಸ್ವಿಚ್ ಒತ್ತಿದಾಗ ಹತ್ತುವ ದೀಪಕ್ಕೆ ಕರೆಂಟು ಎಲ್ಲೆಲ್ಲಿಂದಲೋ ಬರುತ್ತದೆ. ಅದರಲ್ಲಿ ಒಂದಿಷ್ಟು ಕಾರವಾರ ತಾಲ್ಲೂಕಿನ ಕೈಗಾದ್ದೂ ಇರಬಹುದು. ಅಲ್ಲಿನ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಒಳಗೆ ದುಡಿಯುವವರು ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಂಡಿರುತ್ತಾರೆ. ವಿಕಿರಣ ಕಣ್ಣಿಗೆ ಕಾಣದು, ವಾಸನೆ ಬಾರದು, ಮೈಗೆ ತಾಗಿದ್ದೂ ತಿಳಿಯದು. ಎಷ್ಟು ತಗುಲಿತೆಂಬ ಲೆಕ್ಕ ಇಡುವುದು ಆ ಬ್ಯಾಡ್ಜು.

ಅದಕ್ಕೂ ತಿಳಿಯದ ಸಂಗತಿಗಳಿವೆ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್ ಒಂದಕ್ಕೆ, ವಿಕಿರಣ ಸೂಸುವ ಟ್ರಿಟಿಯಂ ಬೆರೆತ ನೀರು ಸೇರಿತ್ತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಹೊಟ್ಟೆಗೆ ಅದು ಹೋಯಿತು. ಟ್ರಿಟಿಯಂನ ಕಿರಣ ಬಲು ದುರ್ಬಲ, ಚರ್ಮವನ್ನೂ ದಾಟಲಾರದು. ಹಾಗಾಗಿ ಬ್ಯಾಡ್ಜಿಗೆ ಅದು ಸಿಗುವುದಿಲ್ಲ. ಸುದ್ದಿ ಕೊಟ್ಟಿದ್ದು ಮಾಮೂಲಿ ಮೂತ್ರ ಪರೀಕ್ಷೆ!

ಬ್ಯಾಡ್ಜೇ ಇಲ್ಲದವರು ಏನು ಮಾಡಬೇಕು? 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ, ಬಿಟ್ಟುಹೋದ ಆಸ್ಪತ್ರೆಯೊಂದರ ಯಂತ್ರ ಕದ್ದವರಿಗೆ ಅದರೊಳಗೆ ವಿಕಿರಣ ಸೂಸುವ ಸೀಸಿಯಂ ಪುಡಿ ಸಿಕ್ಕಿತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದೆಯೆಂದು ಜನ ಅದನ್ನು ಮನೆಗೂ ಒಯ್ದರು. ನಾಲ್ವರು ತೀರಿಕೊಂಡರು. ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ತಪಾಸಣೆ ಮಾಡಬೇಕಾಯಿತು. ಅಷ್ಟು ಜನರಲ್ಲಿ ಮೊದಲು ಯಾರನ್ನು ಆಸ್ಪತ್ರೆಗೆ ಸೇರಿಸುವುದು? ಯಾರಿಗೆ ಎಷ್ಟು ವಿಕಿರಣ ತಗುಲಿದೆಯೆಂದು ತಿಳಿಯಲು, ಬಿಳಿ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಎರಡು ದಿನ ಬೆಳೆಸಿ, ಮುರಿದು ತಪ್ಪಾಗಿ ಅಂಟಿಕೊಂಡ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ವಿಧಾನವೊಂದಿದೆ. ನಂಬಬಹುದಾದ ವಿಧಾನ, ಆದರೆ ನಿಧಾನ.

ಇದಕ್ಕಿಂತ ಬೇಗ ಉತ್ತರ ಕೊಡುವ ಇನ್ನೊಂದು ದಾರಿ ತಿಳಿಯಬೇಕೆಂದರೆ ನಮ್ಮ ಪೇಟೆ ಬೀದಿಯ ಹಾರ್ಡ್‌ವೇರ್ ಅಂಗಡಿಯನ್ನು ನೆನೆಸಿಕೊಳ್ಳಿ. ರಾತ್ರಿ ಬಿರುಗಾಳಿ ಬೀಸಿದೆ. ಬೆಳಗ್ಗೆ ಹಳ್ಳಿಗಳಿಂದ ಚೀಟಿಗಳು ಬರುತ್ತವೆ: ಹಂಚು ಇಷ್ಟು, ಮೊಳೆ ಇಷ್ಟು, ಶೀಟು ಇಷ್ಟು. ಅಂಗಡಿಯವರು ಯಾವ ಹಳ್ಳಿಗೂ ಹೋಗದೆ, ಚೀಟಿ ಎಣಿಸಿಯೇ ಎಲ್ಲಿ ಎಷ್ಟು ಹಾನಿಯಾಗಿದೆ ಎಂದು ಅಂದಾಜು ಹೇಳಿಬಿಡುತ್ತಾರೆ.

ನಮ್ಮ ಜೀವಕೋಶದಲ್ಲೂ ಚೀಟಿಗಳಿವೆ. ವಿಕಿರಣದಿಂದ ಡಿಎನ್‌ಎ ಎಳೆ ತುಂಡಾದರೆ ಪಿ53 ಎಂಬ ಪ್ರೋಟೀನು ಎಚ್ಚೆತ್ತು ಕೆಲವು ಜೀನುಗಳನ್ನು ಎಬ್ಬಿಸುತ್ತದೆ. ಒಂದು ಜೀನು ಕೋಶ ಒಡೆದು ಎರಡಾಗುವುದನ್ನು ತಡೆದು ನಿಲ್ಲಿಸುತ್ತದೆ, ಇನ್ನೊಂದು ರಿಪೇರಿಗೆ ನೆರವಾಗುತ್ತದೆ. ಎದ್ದ ಜೀನು ತನ್ನ ನಕಲನ್ನು ಆರ್‌ಎನ್‌ಎ ಚೀಟಿಗಳಾಗಿ ಹೊರಡಿಸುತ್ತದೆ. ಹನಿ ರಕ್ತ ತೆಗೆದು, ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್‌ಟಿ-ಪಿಸಿಆರ್ ವಿಧಾನದಿಂದಲೇ ಈ ಚೀಟಿಗಳನ್ನು ಎಣಿಸಬಹುದು. ಇದರಲ್ಲಿ ಹೆಚ್ಚು ನೆಚ್ಚುವ ಜೀನಿನ ಹೆಸರು ಎಫ್‌ಡಿಎಕ್ಸ್‌ಆರ್. (ಹೆಸರಿಟ್ಟವರಿಗೆ ಮಕ್ಕಳ ಮೇಲೆ ಕರುಣೆಯಿರಲಿಲ್ಲ!) ವಿಕಿರಣ ಹೆಚ್ಚಿದಷ್ಟೂ ಅದರ ಚೀಟಿ ಹೆಚ್ಚುತ್ತದೆ.

ಚೀಟಿ ಬರೆಯುವುದು ಬಿಳಿ ಕಣಗಳು. ಕೆಂಪು ಕಣಗಳಲ್ಲಿ ಕೋಶಕೇಂದ್ರವೇ ಇಲ್ಲ, ಅವು ಬರೆಯುವುದಾದರೂ ಎಲ್ಲಿಂದ? ತಡಮಾಡಿದರೂ ಕಷ್ಟ, ದಿನ ಕಳೆದಂತೆ ಚೀಟಿಗಳು ಕರಗುತ್ತವೆ. ಸೋಂಕು, ಜ್ವರವೂ ಕೆಲವು ಜೀನುಗಳನ್ನು ಕೆಣಕುತ್ತವೆ. ಆದ್ದರಿಂದ ಒಂದೇ ಜೀನನ್ನು ನಂಬದೆ ಹಲವನ್ನು ಒಟ್ಟಿಗೆ ನೋಡುತ್ತಾರೆ.

ಹಾಗಾದರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಳ್ಳಲೂ ಹೆದರಬೇಕೇ? ಎದೆಯ ಒಂದು ಎಕ್ಸ್‌ರೇಯಿಂದ ಸಿಗುವ ವಿಕಿರಣ ಹೆಚ್ಚೆಂದರೆ 0.1 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಮಾನ). ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಮನುಷ್ಯರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗಿಯೇ ಸಿಗುತ್ತದೆ. ಅಂದರೆ ಹದಿನೈದು ದಿನ ನೀವು ಹೇಮಾವತಿ ದಡದಲ್ಲಿ ಆಡಿಕೊಂಡಿದ್ದರೂ ಹೆಚ್ಚುಕಡಿಮೆ ಅಷ್ಟೇ.