ಅಂಗಳವಿಡೀ ಒಂದೇ ಚಿತ್ರದಲ್ಲಿ



ಹೆದ್ದಾರಿ ಅಗಲ ಮಾಡಲು ನಮ್ಮ ಹಳೆಮನೆಯನ್ನು ಬಿಟ್ಟುಕೊಡಬೇಕಾಗಿ ಬಂತು. ಕೆಡಹುವ ಮೊದಲು ತಮ್ಮನ ಮಗ ಕ್ಯಾಮರಾ ತಂದ. "ದೊಡ್ಡಪ್ಪ, ಅಂಗಳವಿಡೀ ತೆಗೀತೇನೆ" ಎಂದ. ಎದುರಿನ ಜಗಲಿ, ಬೆನ್ನ ಹಿಂದಿನ ಬಾವಿ, ತಲೆಯ ಮೇಲಿನ ಆಕಾಶ, ಕಾಲಡಿಯ ನೆಲ, ಎಲ್ಲವೂ ಒಂದೇ ಚಿತ್ರದಲ್ಲಿ!

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟ. ಬಹಳ ಅಗಲಕ್ಕೆ ನೋಡುವ ಫಿಶ್‌ಐ ಲೆನ್ಸು. 60 ಡಿಗ್ರಿಗೊಮ್ಮೆ ತಿರುಗಿಸಿ ಸುತ್ತಲೂ 6 ಚಿತ್ರ, ಮೇಲಕ್ಕೊಂದು, ಕೆಳಕ್ಕೊಂದು. ಲೆಡ್ಜರಿನಲ್ಲಿ ಒಂದು ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ಒಯ್ಯುತ್ತಿದ್ದೆವಲ್ಲ, ಹಾಗೆ ಒಂದು ಚಿತ್ರದ ಅಂಚು ಮುಂದಿನದರಲ್ಲೂ ಬರಬೇಕು. ಅದನ್ನು ಹೊಂದಿಸಿಯೇ ಕಂಪ್ಯೂಟರು ಎಲ್ಲವನ್ನೂ ಜೋಡಿಸುವುದು.

ನಾಜೂಕಿನ ಸಂಗತಿ ಬೇರೆಯೇ. ಒಂದು ಕಣ್ಣು ಮುಚ್ಚಿ, ಬೆರಳನ್ನು ದೂರದ ತೆಂಗಿನಮರಕ್ಕೆ ನೇರ ಹಿಡಿಯಿರಿ. ಬೆರಳು ಅಲುಗಿಸದೆ ತಲೆ ಮಾತ್ರ ತಿರುಗಿಸಿ. ಬೆರಳು ಮರದಿಂದ ಸರಿಯುತ್ತದೆ. ತಿರುಗುವುದು ಕುತ್ತಿಗೆ, ಕಣ್ಣು ಅದಕ್ಕಿಂತ ಮುಂದಿದೆ. ಕ್ಯಾಮರಾದಲ್ಲೂ ಲೆನ್ಸಿಗೆ ಬೆಳಕು ಹೊಗುವ ಬಿಂದುವಿನ ಮೇಲೆಯೇ ತಿರುಗಿಸಬೇಕು. ಇಲ್ಲವಾದರೆ ಹತ್ತಿರದ ಜಗಲಿಕಂಬ ಜೋಡಿಸಿದಲ್ಲಿ ಮುರಿದಂತೆ ಕಾಣುತ್ತದೆ.

ನಮ್ಮ ಕಂಬ ಮುರಿಯಲಿಲ್ಲ. ಆದರೆ ಅಕ್ಕ ಎರಡು ಕಡೆ ಬಂದಿದ್ದಳು, ಜಗಲಿಯಲ್ಲೊಮ್ಮೆ, ಬಾವಿಕಟ್ಟೆಯಲ್ಲೊಮ್ಮೆ. ನಡುವೆ ಎದ್ದುಹೋಗಿದ್ದಳು, ಸುಮ್ಮನೆ ಕೂರುವವಳೇ ಅಲ್ಲ. ಹುಡುಗ ಒಬ್ಬಳನ್ನು ಅಳಿಸಲು ಹೊರಟ. ಬೇಡವೆಂದೆ.

ಈಗ ಅಲ್ಲಿ ಮನೆಯೂ ಇಲ್ಲ, ಬಾವಿಯೂ ಇಲ್ಲ. ಅಕ್ಕ ಮೊಬೈಲು ಹಿಡಿದು ಕೋಣೆಯ ನಡುವೆ ನಿಧಾನ ತಿರುಗುತ್ತಾಳೆ. ಬಾವಿ ಎದುರಾದಾಗ ನಿಲ್ಲುತ್ತಾಳೆ.