ಬಿರುಕೂ ಮುರಿತವೇ



ಚಾಂಗಿ ಬಿಸಿನೆಸ್ ಪಾರ್ಕಿನ ಈ ಸಭೆಗೆ ಬಂದಿರುವ ತಮ್ಮಲ್ಲಿ ಅನೇಕರ ಮನೆಗಳಿಗೆ ಊರಿನಿಂದ ತಾಯಿತಂದೆಯರು ಬಂದು ಕೆಲವು ವಾರ ತಂಗುವುದುಂಟು. ಅವರನ್ನು ನೆನೆದೇ ನಾವು ಮೂಳೆಮುರಿತದ ವಿಷಯವನ್ನು ಆರಿಸಿಕೊಂಡೆವು.

"ಮುರಿದಿಲ್ಲ, ಬರೀ ಬಿರುಕು" ಎಂದು ಸಮಾಧಾನಪಡುವವರನ್ನು ನಾವು ಆಗಾಗ ಕಾಣುತ್ತೇವೆ. ವೈದ್ಯಶಾಸ್ತ್ರದಲ್ಲಿ ಬಿರುಕೂ ಮುರಿತವೇ, ಭೇದವಿರುವುದು ಬಗೆಯಲ್ಲಿ. ಸುಶ್ರುತಸಂಹಿತೆಯು ಮೂಳೆಮುರಿತದಲ್ಲಿ 12 ಬಗೆಗಳನ್ನು ಹೇಳಿ, ಕೀಲು ತಪ್ಪುವುದನ್ನು ಪ್ರತ್ಯೇಕವಾಗಿ 6 ಬಗೆಯೆಂದು ಎಣಿಸಿದೆ. ಅದರಲ್ಲಿನ 'ಚೂರ್ಣಿತ'ವೆಂದರೆ ಮೂಳೆ ನುಚ್ಚಾಗುವುದು; 'ವಕ್ರ'ವೆಂದರೆ ಬಾಗಿ ನಿಲ್ಲುವುದು. ಮಕ್ಕಳ ಮೂಳೆಯು ಹಸಿಯ ಬೇವಿನ ಕಡ್ಡಿಯಂತೆ ಒಂದು ಮಗ್ಗುಲಲ್ಲಿ ಸೀಳಿ, ಇನ್ನೊಂದು ಮಗ್ಗುಲಲ್ಲಿ ಬಾಗಿ ಉಳಿಯುವುದುಂಟು. ಚರ್ಮ ಹರಿದು ಗಾಯವು ಮುರಿದ ಮೂಳೆಯನ್ನು ಮುಟ್ಟಿದರೆ ಅದು ತೆರೆದ ಮುರಿತ. ಅಲ್ಲಿ ಸೋಂಕಿನ ಭಯವೇ ಮೊದಲು. ಶುಭ್ರವಾದ ಬಟ್ಟೆ ಮುಚ್ಚಬೇಕೇ ಹೊರತು ಮೂಳೆಯನ್ನು ಒಳಕ್ಕೆ ತಳ್ಳಕೂಡದು.

ಕೈಕಾಲು ಆಡುತ್ತಿದ್ದರೆ ಮುರಿದಿಲ್ಲವೆಂಬ ನಂಬಿಕೆ ಇನ್ನೊಂದು. 2002ರಲ್ಲಿ ಆಂಟಿಗಾದ ಟೆಸ್ಟಿನಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರು ಬೌಲ್ ಮಾಡಿ, ಲಾರಾ ಅವರನ್ನು ಔಟು ಮಾಡಿದರಲ್ಲವೇ! ಅದು ಛಲದ ಮಾತು. ವೃದ್ಧರಲ್ಲಿ ಛಲವಿಲ್ಲದೆಯೂ ಹೀಗಾಗುತ್ತದೆ. ಸೊಂಟದ ಬಳಿ ತೊಡೆಮೂಳೆಯ ಕತ್ತು ಮುರಿದಾಗ ಕೆಲವೊಮ್ಮೆ ತುದಿಗಳು ಒಂದರೊಳಗೊಂದು ನಾಟಿಕೊಂಡು ನಿಲ್ಲುತ್ತವೆ. ಬಚ್ಚಲಲ್ಲಿ ಜಾರಿದ ಅಜ್ಜಿ ಎದ್ದು, ಕುಂಟುತ್ತ ಅಡುಗೆಮನೆಗೂ ಹೋಗಿಬರುತ್ತಾರೆ. ಮನೆಯವರು ಉಳುಕೆಂದು ಎಣ್ಣೆ ಹಚ್ಚಿ ನೀವುತ್ತಾರೆ. ನಾಲ್ಕು ದಿನ ಕಳೆದು ತುದಿಗಳು ಜರುಗಿದಾಗ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಒಯ್ಯುವ ನಾಳಗಳೂ ಹರಿದಾವು. ಮೊದಲ ದಿನವೇ ಬಂದಿದ್ದರೆ ತಿರುಪುಮೊಳೆಗಳಿಂದ ಮುಗಿಯಬಹುದಾಗಿದ್ದುದು ಈಗ ಕೃತಕ ಕೀಲಿನವರೆಗೆ ಹೋಗುತ್ತದೆ. ಮೊದಲ ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೂ, ಕಾಲೂರಲು ನೋವಾದರೆ ಸ್ಕ್ಯಾನ್ ಆಗಲೇಬೇಕು.

ಊರಿನ ನಾಟಿ ಕಟ್ಟನ್ನು ನಾವು ಹೀಗಳೆಯುವುದಿಲ್ಲ. ಬಿದಿರಿನ ಪಟ್ಟಿಯೂ ಮೂಳೆಯನ್ನು ಅಲುಗದಂತೆ ಹಿಡಿದೀತು. ಆದರೆ ಬಾವು ಏರುವ ವೇಳೆಯಲ್ಲಿ ಬಿಗಿದು ಕಟ್ಟಿದರೆ ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಹೀಗೆ ಬೆರಳುಗಳು ಮುದುಡಿಹೋಗುವುದನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ಬರೆದಿಟ್ಟರು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬೆರಳನ್ನು ಚಾಚಿಸಿದೊಡನೆ ನೋವು ಸಹಿಸಲಾಗದಷ್ಟಾದರೆ ಒಡನೆ ಆಸ್ಪತ್ರೆಗೆ ಒಯ್ಯಿರಿ, ಬೆಳಗಿನವರೆಗೆ ಕಾಯಬೇಡಿ.

ಹಿರಿಯರು ಬಿದ್ದು ಏಳಲಾರದಿದ್ದರೆ ಎತ್ತಿ ಕೂರಿಸದೆ 995ಕ್ಕೆ ಕರೆ ಮಾಡಿರಿ. ಈ ಭಾಗದವರಿಗೆ ಸಿಮೇಯ ಚಾಂಗಿ ಜನರಲ್ ಆಸ್ಪತ್ರೆ ಹತ್ತಿರವೇ ಇದೆ. ಆಂಬುಲೆನ್ಸ್ ಬರುವವರೆಗೆ, ನಮ್ಮ ವಾಡಿಕೆಯಂತೆ, ಕಾಫಿ ಕುಡಿಸಿ ಉಪಚರಿಸಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದೀತು. ಊರಿನಿಂದ ತಂದ ಮಾತ್ರೆಗಳನ್ನು, ವಿಶೇಷವಾಗಿ ರಕ್ತ ತೆಳುವಾಗಿಸುವವನ್ನು, ಚೀಟಿಯ ಸಮೇತ ಜೊತೆಗೆ ಒಯ್ಯಿರಿ.